ಒಂದು ಡಬ್ಬಿಗೆ ಒಂದೇ ಶೂ

ಮುರ್ಶಿದಾ ಎಡಗಾಲಿನ ಶೂ ಬಿಚ್ಚಿ ಅದನ್ನೇ ಬಲಗಾಲಿಗೆ ಹಾಕಿಕೊಂಡಳು. ವೆಲ್ಕ್ರೋ ಪಟ್ಟಿ ಬಿಗಿದು ಕಿಟಕಿಯವರೆಗೆ ನಡೆದಳು, ಅಲ್ಲಿಂದ ಫೈಲುಗಳ ಕಪಾಟಿನವರೆಗೆ ಬಂದಳು. ಶೂವಿನ ಅಡಿ ಹಿಮ್ಮಡಿಯ ಕಡೆ ದಪ್ಪಗೆ, ಬೆರಳುಗಳ ಕಡೆ ತೆಳ್ಳಗೆ ಇತ್ತು. ಭಾರವೆಲ್ಲ ಹಿಂದಕ್ಕೆ ಬಿದ್ದು ನಡಿಗೆ ಕುಂಟುತ್ತಿತ್ತು. ಆದರೆ ಎರಡೂ ಕಾಲಿನಲ್ಲಿ ಒಂದೇ ರೀತಿ ಕುಂಟುತ್ತಿತ್ತು.

“ಪಾಸಾ? ಅಥವಾ ಉಚ್ಚಿಲದವರೆಗೆ ನಡೆದು ನೋಡ್ಲಿಕ್ಕುಂಟಾ?” ಎಂದರು ಎಡ್ಮಂಡ್. ಮಣಿಪಾಲದಲ್ಲಿ ಅವರದು ವೈದ್ಯಕೀಯ ಸಾಮಗ್ರಿಗಳ ಅಂಗಡಿ. ಊರುಗೋಲು, ವಾಕರ್, ಸೊಂಟದ ಬೆಲ್ಟು ಎಲ್ಲ ಹೊರದೇಶದಿಂದ ತರಿಸುತ್ತಿದ್ದರು. ಈ ಸಲ ತರಿಸಿದ್ದು ಪಾದದ ಶಸ್ತ್ರಚಿಕಿತ್ಸೆಯಾದವರು ಹಾಕುವ ಶೂ. ಮುರ್ಶಿದಾಳ ಕಾಲಲ್ಲಿದ್ದದ್ದು ಮೊದಲೇ ಬಂದ ಸ್ಯಾಂಪಲ್. ಸರಕು ಪಣಂಬೂರಿನ ಬಂದರಿಗೆ ಬಂದು ಬಿದ್ದಿತ್ತು. ಬಂದ ಸರಕು ಏನೆಂದು ತಿಳಿಸುವ ಬಿಲ್ ಆಫ್ ಎಂಟ್ರಿಯನ್ನು ಕಸ್ಟಮ್ಸಿಗೆ ಸಲ್ಲಿಸುವುದು ಬಾಕಿ.

“ಪಾಸ್, ಅಂಕಲ್. ಇದಕ್ಕೆ ಎಡ ಬಲ ಇಲ್ಲ.”

“ನಾನು ಹೇಳಿದ್ದೇ ಅದನ್ನು. ಹಾಗಾದರೆ ಇದು ಚಪ್ಪಲಿ ಅಲ್ಲ, ಮೂಳೆ ವಿಭಾಗದ ಉಪಕರಣ. ತೆರಿಗೆ ಕಡಿಮೆ. ಸಹಿ ಹಾಕು.”

ಮುರ್ಶಿದಾ ಕುರ್ಚಿಯಲ್ಲಿ ಕೂತಳು. ಆ ಕುರ್ಚಿ ಕಳೆದ ರಂಜಾನಿನವರೆಗೆ ಅವಳ ತಂದೆ ಇದ್ರೀಸ್ ಅವರದಾಗಿತ್ತು. ಕಾಪುವಿನ ಹೆದ್ದಾರಿ ಬದಿಯ ಈ ಕೋಣೆಯಲ್ಲಿ ಅವರು ಬಂದರಿನಿಂದ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟಾಗಿ ತಲೆ ನರೆಸಿಕೊಂಡವರು. ಮಗಳು ಕಸ್ಟಮ್ಸ್ ಪರೀಕ್ಷೆ ಪಾಸಾಗಿ ಸಹಿಯ ಅಧಿಕಾರ ಸಿಕ್ಕಿದ ಮೇಲೆ ಕಿಟಕಿಯ ಬಳಿಯ ಬೆಂಚಿಗೆ ಸರಿದು ಪೇಪರ್ ಓದುತ್ತಿದ್ದರು. ಹಳೆಯ ಗಿರಾಕಿಗಳಲ್ಲಿ ಕೆಲವರು ಈಗಾಗಲೇ ಮಂಗಳೂರಿನ ಬ್ರೋಕರುಗಳ ಕಡೆ ಹೋಗಿದ್ದರು. ಉಳಿದವರಲ್ಲಿ ಎಡ್ಮಂಡ್ ದೊಡ್ಡವರು. ಅವರೂ ಹೋದರೆ ಕುರ್ಚಿ ಇದ್ದರೂ ಅದರಲ್ಲಿ ಕೂತು ಮಾಡುವ ಕೆಲಸ ಇರುತ್ತಿರಲಿಲ್ಲ.

“ಕಾನೂನು ಕೇಳುವುದು ಎರಡು ವಿಷಯ, ಅಂಕಲ್,” ಎಂದಳು ಅವಳು. “ಅಳತೆ ತೆಗೆದು ಹೊಲಿಯದೆ ಫ್ಯಾಕ್ಟರಿಯಲ್ಲಿ ಸಾಲಾಗಿ ಮಾಡಿದ್ದಾದರೆ, ಯಾವ ಕಾಲಿಗೂ ಸಮನಾಗಿ ಹೊಂದಬೇಕು. ಅದು ಆಯಿತು. ಇನ್ನೊಂದು, ಜೋಡಿಯಾಗಿ ಬರಬಾರದು. ಬಿಡಿಬಿಡಿಯಾಗಿಯೇ ಬರಬೇಕು. ಡಬ್ಬಿಗೆ ಒಂದೇ ಅಲ್ವಾ?”

ಎಡ್ಮಂಡ್ ಖುಷಿಯಿಂದ ಫೋನ್ ತೆಗೆದರು. “ಅಲ್ಲೇ ನಾನು ಸ್ವಲ್ಪ ತಲೆ ಓಡಿಸಿದ್ದು. ನೋಡು.”

ಫೋಟೋದಲ್ಲಿ ಬಿಳಿ ಡಬ್ಬಿಯೊಂದು ತೆರೆದಿತ್ತು. ಒಳಗೆ ಎರಡು ನೀಲಿ ಶೂಗಳು ಮುಖಾಮುಖಿಯಾಗಿ ಮಲಗಿದ್ದವು.

“ಎಲ್ಲ ಡಬ್ಬಿಯೂ ಹೀಗೆಯಾ?”

“ಎಲ್ಲವೂ. ಫ್ಯಾಕ್ಟರಿಯವರು ಕಳಿಸ್ತಿದ್ದದ್ದು ಒಂದೊಂದೇ. ನಾನು ಹೇಳಿ ಜೋಡಿ ಮಾಡಿಸಿದ್ದು.”

ಮುರ್ಶಿದಾ ಫೋನನ್ನು ಮೇಜಿನ ಮೇಲಿಟ್ಟಳು. “ಯಾಕೆ ಅಂಕಲ್?”

“ನೀನು ಅಂಗಡಿಯಲ್ಲಿ ಕೂತು ನೋಡು, ಗೊತ್ತಾಗ್ತದೆ. ಕಾರ್ಕಳದ ಶೀನ ಅಂತ, ಸಕ್ಕರೆ ಕಾಯಿಲೆಯಲ್ಲಿ ಕಾಲಿನ ಎರಡು ಬೆರಳು ತೆಗೆದದ್ದು. ಹೆಂಡತಿ ಸುಗಂಧಿ ಬಂದು ಸ್ಯಾಂಪಲ್ ಶೂ ತಗೊಂಡು ಹೋದರು. ಮರುದಿನ ವಾಪಸ್. ‘ಒಂಟಿ ಚಪ್ಪಲಿ ಜಗಲಿಯಲ್ಲಿಟ್ಟರೆ ಇವರಿಗೆ ಇನ್ನೊಂದು ಕಾಲೇ ಇಲ್ಲದ ಹಾಗೆ ಕಾಣ್ತದೆ, ನನಗೆ ನೋಡ್ಲಿಕ್ಕಾಗುದಿಲ್ಲ’ ಅಂದರು. ಅದಕ್ಕೆ ನಾನೆಂತ ಹೇಳುವುದು?”

ಹೊರಗೆ ಲಾರಿಯೊಂದು ಹೋಗಿ ಕಿಟಕಿಯ ಗಾಜು ಅದುರಿತು.

“ಅವರು ಹೇಳಿದ್ದು ತಪ್ಪಲ್ಲ,” ಎಂದಳು ಮುರ್ಶಿದಾ. “ಆದರೆ ಜೋಡಿಯಾಗಿ ಬಂದ ಮೇಲೆ ಇದು ಪಾದರಕ್ಷೆ. ತೆರಿಗೆಯೂ ಹೆಚ್ಚು, ಗುಣಮಟ್ಟದ ಬಿಐಎಸ್ ಮುದ್ರೆ ಎಲ್ಲಿ ಅಂತಲೂ ಕೇಳ್ತಾರೆ. ಮುದ್ರೆ ಇಲ್ಲ ಅಲ್ವಾ? ಉಪಕರಣ ಅಂತ ನಾನು ಸಹಿ ಹಾಕುವುದಿಲ್ಲ.”

ಎಡ್ಮಂಡ್ ಬೆಂಚಿನ ಕಡೆ ತಿರುಗಿದರು. “ಇದ್ರೀಸ್, ಕೇಳಿದ್ಯಾ ನಿನ್ನ ಮಗಳ ಮಾತು?”

ಇದ್ರೀಸ್ ಪೇಪರ್ ಮಡಚಿದರು. “ಮುರ್ಶಿ, ಪ್ಯಾಕಿಂಗ್ ಲಿಸ್ಟಿನಲ್ಲಿ ಪೀಸ್ ಅಂತ ಉಂಟು. ಜೋಡಿ ಅಂತ ಎಲ್ಲಿಯೂ ಇಲ್ಲ.”

“ಡಬ್ಬಿಯಲ್ಲಿ ಉಂಟಲ್ವಾ ಉಪ್ಪ?”

“ಎಲ್ಲ ಸರಕನ್ನೂ ತೆರೆದು ನೋಡುವುದಿಲ್ಲ.”

“ತೆರೆದರೆ?”

ಇದ್ರೀಸ್ ಪೇಪರನ್ನು ಇನ್ನೊಂದು ಸಲ ಮಡಚಿದರು.

“ಬಂದರಿನ ಶೆಡ್ಡಿನಲ್ಲಿ ಜನ ಇಟ್ಟು ಬೇರೆ ಮಾಡಿಸ್ತೇನೆ,” ಎಂದರು ಎಡ್ಮಂಡ್. “ಒಂದು ಡಬ್ಬಿಯಿಂದ ಒಂದು ಹೊರಗೆ. ಎಷ್ಟು ಹೊತ್ತಿನ ಕೆಲಸ?”

“ಬಂದದ್ದು ಹೇಗೆ ಅಂತ ಕೇಳಿದರೆ ನಾನು ಸುಳ್ಳು ಹೇಳಬೇಕಾಗ್ತದೆ.”

“ನಿನ್ನ ಹೆಸರಿಡುವ ದಿನ ಬಂದು ಬಿರಿಯಾನಿ ತಿಂದವ ನಾನು. ನನಗೇ ಕಾನೂನು ಹೇಳ್ತೀಯಲ್ಲ ಮಾರಾಯ್ತಿ.”

“ಅದಕ್ಕೇ ಫೀಸಿಲ್ಲದೆ ಹೇಳುವುದು.”

ಇದ್ರೀಸ್‌ಗೆ ನಗು ಬಂತು. ಅದನ್ನು ಕೆಮ್ಮಿನಲ್ಲಿ ಮುಚ್ಚಿದರು. ಎಡ್ಮಂಡ್ ಮಾತ್ರ ನಗಲಿಲ್ಲ. ಮೇಜಿನ ಮೇಲಿದ್ದ ತಮ್ಮ ಫೈಲನ್ನು ಎಳೆದುಕೊಂಡು ಎದ್ದರು.

“ಮಂಗಳೂರಿನಲ್ಲಿ ಬ್ರೋಕರುಗಳಿಗೆ ಬರಗಾಲ ಇಲ್ಲ.”

“ಇಲ್ಲ. ಬೇಕಾದರೆ ನಂಬರ್ ನಾನೇ ಕೊಡ್ತೇನೆ,” ಎಂದಳು ಮುರ್ಶಿದಾ. ಸ್ವರ ಏರಲಿಲ್ಲ. “ಒಳ್ಳೆಯವರಾದರೆ ಡಬ್ಬಿಗೆ ಎಷ್ಟು ಅಂತ ಅವರೂ ಕೇಳ್ತಾರೆ. ಕೇಳದಿದ್ದರೆ ಹೆದರಿ ಅಂಕಲ್. ಅಧಿಕಾರಿ ಒಂದು ಡಬ್ಬಿ ತೆರೆದು ಎರಡು ಶೂ ನೋಡಿದರೆ ಸಿಕ್ಕಿಬೀಳುವುದು ನಿಮ್ಮ ಅಂಗಡಿಯ ಹೆಸರು. ಆಮೇಲೆ ನೀವು ತರಿಸುವ ಗ್ಲೌಸ್, ಬೆಲ್ಟು, ವಾಕರ್, ಯಾವುದೂ ತೆರೆಯದೆ ಹೊರಗೆ ಬರುವುದಿಲ್ಲ. ಆಸ್ಪತ್ರೆಯವರು ನಿಮಗೆ ಕಾಯುತ್ತಾರಾ?”

ಎಡ್ಮಂಡ್ ಬಾಗಿಲ ಬಳಿ ನಿಂತರು. ಫೈಲು ಕಂಕುಳಲ್ಲಿತ್ತು.

“ಹಾಗಾದರೆ ಎಂತ ಮಾಡುವುದು? ಸಮುದ್ರಕ್ಕೆ ಹಾಕುವುದಾ?”

“ವಾಪಸ್ ಕಳಿಸಿ, ಬಿಡಿಬಿಡಿಯಾಗಿ ಮತ್ತೆ ತರಿಸುವುದು. ಅದಕ್ಕೆ ಅನುಮತಿ ಬೇಕು, ಅರ್ಜಿ ನಾನು ಬರೆಯುತ್ತೇನೆ. ಹೋಗಿ ಬರುವ ಖರ್ಚು ನಿಮಗೆ ಬೀಳ್ತದೆ, ತಿಂಗಳೂ ಹೋಗ್ತದೆ. ಅದನ್ನು ನಾನು ಕಡಿಮೆ ಮಾಡ್ಲಿಕ್ಕಾಗುದಿಲ್ಲ.”

“ಬಂದ ಮೇಲೆ ಸುಗಂಧಿಯಂಥವರಿಗೆ? ಒಂಟಿ ಶೂ ಯಾರು ತೆಗೊಳ್ತಾರೆ?”

“ನೀವು ಊರುಗೋಲು ಒಂದೇ ಕೊಡುವುದಿಲ್ವಾ? ಇನ್ನೊಂದು ಕೈ ಎಲ್ಲಿ ಅಂತ ಯಾರಾದರೂ ಕೇಳಿದ್ದುಂಟಾ?” ಎಂದಳು ಮುರ್ಶಿದಾ. “ಇನ್ನೊಂದು ಕಾಲಿಗೆ ಶೀನರದೇ ಚಪ್ಪಲಿ ಉಂಟಲ್ಲ ಅಂಕಲ್. ಬರುವಾಗ ಅದನ್ನೂ ತರ್ಲಿಕ್ಕೆ ಹೇಳಿ. ಅಂಗಡಿಯಲ್ಲೇ ಎರಡನ್ನೂ ಹಾಕಿಸಿ ನಡೆಸಿ. ಸುಗಂಧಿ ನಡೆಯುವ ಗಂಡನನ್ನು ಕರೆದುಕೊಂಡು ಹೋಗಲಿ, ಡಬ್ಬಿಯನ್ನಲ್ಲ.”

ಎಡ್ಮಂಡ್ ಬಾಗಿಲಿಗೆ ಒರಗಿ ರಸ್ತೆಯ ಕಡೆ ನೋಡುತ್ತ ನಿಂತರು. ಕೈಯಲ್ಲಿದ್ದ ಕಾರಿನ ಕೀಲಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಮುರ್ಶಿದಾ ಕರೆಯಲಿಲ್ಲ. ಕಂಪ್ಯೂಟರಿನಲ್ಲಿ ಹೆಜಮಾಡಿಯ ಇನ್ನೊಬ್ಬ ಗಿರಾಕಿಯ ಕಡತ ತೆರೆದು ಓದತೊಡಗಿದಳು. ಬೆಂಚಿನ ಮೇಲೆ ಇದ್ರೀಸ್ ಒಮ್ಮೆ ಸ್ನೇಹಿತನನ್ನು, ಒಮ್ಮೆ ಮಗಳನ್ನು ನೋಡಿದರು.

ಕೊನೆಗೆ ಎಡ್ಮಂಡ್ ಒಳಗೆ ಬಂದು ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಮೇಜಿನ ಮೇಲಿದ್ದ ಫೋನ್ ತೆಗೆದು ಕನ್ನಡಕ ಮೂಗಿನ ಮೇಲೆ ಏರಿಸಿದರು. “ಫ್ಯಾಕ್ಟರಿಯವರಿಗೆ ಎಂತ ಬರೆಯಬೇಕು? ನಿಧಾನ ಹೇಳು, ನನ್ನ ಬೆರಳು ದಪ್ಪ.”

“ಒಂದು ಡಬ್ಬಿಗೆ ಒಂದೇ ಶೂ ಅಂತ ಬರೆಯಿರಿ. ಮೊದಲು ಅದು. ಉಳಿದದ್ದು ಆಮೇಲೆ.”

ಇದ್ರೀಸ್ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಚಾ ತರಿಸಲು ಎದುರಿನ ಹೋಟೆಲಿಗೆ ಫೋನ್ ಮಾಡಿದ್ದರೆ ಸಾಕಿತ್ತು. ಮೀನಿನ ಲಾರಿಗಳು ಮಂಜುಗಡ್ಡೆಯ ನೀರು ಸುರಿಸುತ್ತ ಸಾಲಾಗಿ ಹೋಗುತ್ತಿದ್ದವು. ದಾಟಲು ಎಡೆ ಸಿಗಲಿಲ್ಲ. ಅವರು ರಸ್ತೆಯ ಈ ಬದಿಯಲ್ಲೇ ನಿಂತು, ಆಚೆ ಬದಿಯ ಚಾದವನಿಗೆ ಕಾಣುವಂತೆ ಕೈ ಎತ್ತಿ ಮೂರು ಬೆರಳು ತೋರಿಸಿದರು.