ಮೂರು ವಾರ ಬಂದ ಡಬ್ಬ

ಬಚ್ಚಮ್ಮನ ಗದ್ದಕ್ಕೆ ಕಟ್ಟಿದ್ದ ಬಟ್ಟೆ ಮತ್ತೆ ಜಾರಿತು. ಸುನಂದ ಎರಡನೆಯ ಸಲ ಅದನ್ನು ಬಿಚ್ಚಿ, ನೆತ್ತಿಯ ಮೇಲೆ ಬಿಗಿಯಾಗಿ ಗಂಟು ಹಾಕಿದಳು. ಬದುಕಿದ್ದಷ್ಟು ದಿನ ಬಿಡುವಿಲ್ಲದೆ ಆಡಿದ ಬಾಯಿ, ಸತ್ತ ಮೇಲೂ ಸೊಸೆಯ ಕೈಲಿ ಚಾಕರಿ ಮಾಡಿಸಿಕೊಳ್ಳುತ್ತಿತ್ತು. ಜಗಲಿಯ ಮೇಲೆ ಕುರ್ಚಿ ಹಾಕಿ ಅತ್ತೆಯನ್ನು ಒರಗಿಸಿ ಕೂರಿಸಿದ್ದರು. ಡೈರಿಗೆ ಹಾಲು ಹಾಕಿ ಬಂದವರು ಖಾಲಿ ಕ್ಯಾನು ಬಾಗಿಲ ಬದಿಗಿಟ್ಟು, ಕೈಮುಗಿದು ಹೋಗುತ್ತಿದ್ದರು. ಬಚ್ಚಮ್ಮನ ತಮ್ಮ ಮುನಿರಾಮಪ್ಪ ಅಕ್ಕನ ಕಾಲು ಹಿಡಿದು, "ಅಕ್ಕಾ, ನನ್ನು ವದಿಲಿ ಪೋತಿವಾ", ನನ್ನ ಬಿಟ್ಟು ಹೋದೆಯಾ, ಎಂದು ತೆಲುಗಿನಲ್ಲಿ ಗೋಳಾಡುತ್ತಿದ್ದ.

ಮುಳಬಾಗಿಲಿನಿಂದ ಬಂದಿದ್ದ ನಾದಿನಿ ರಮಾದೇವಿಗೆ ಅಳು ಒಂದು ಸುತ್ತು ಮುಗಿದಿತ್ತು. ಮೂಗೊರೆಸಿಕೊಂಡು, ಸುನಂದಳ ಮಗಳತ್ತ ಕೈ ಮಾಡಿ, ಸುತ್ತಲಿದ್ದ ಹೆಂಗಸರಿಗೆ ಹೇಳತೊಡಗಿದಳು.

"ಈ ಶ್ವೇತ ಇವತ್ತು ಇಷ್ಟಾದ್ರೂ ಓಡಾಡ್ಕೊಂಡವಳೆ ಅಂದ್ರೆ ಅದು ನಮ್ಮಮ್ಮನ ಪುಣ್ಯ. ಹೆತ್ತೋಳು ಎದೆ ಬತ್ತಿಸ್ಕೊಂಡು ಕಂಪ್ನಿ ಬಸ್ ಹತ್ತಿದ್ಲು. ಬಾಟ್ಲು ಹಿಡ್ಕೊಂಡು ಕೂತಿದ್ದು ನಮ್ಮಮ್ಮ."

"ಎಷ್ಟನೇ ಕ್ಲಾಸಮ್ಮ ಮಗು? ಒಂದಾ, ಎರಡಾ?" ಎಂದು ಯಾರೋ ಕೇಳಿದರು.

"ಐದು," ಎಂದಳು ಸುನಂದ. ಕೇಳಿದವಳು ನಾಲಗೆ ಕಚ್ಚಿಕೊಂಡಳು.

ಹತ್ತು ವರ್ಷದಿಂದ ಕೇಳಿಕೊಂಡು ಬಂದ ಮಾತೇ. ಆದರೆ ಇವತ್ತು ಸುನಂದಳಿಗೆ ತಡೆಯಲಾಗಲಿಲ್ಲ. ಹೆಣ ಎತ್ತುವುದರೊಳಗೆ ಹೇಳಬೇಕು. ಆಮೇಲೆ ಹೇಳಿದರೆ, ಸತ್ತವಳ ಮೇಲೆ ಹೊರಿಸಿದಳು ಎನ್ನುತ್ತಾರೆ.

*

ಶ್ವೇತಳಿಗೆ ಎರಡು ತಿಂಗಳು ತುಂಬಿತ್ತಷ್ಟೆ. ನರಸಾಪುರದ ಕಂಪನಿಯಿಂದ ಫೋನು ಬಂತು: ಸೋಮವಾರ ಬರದಿದ್ದರೆ ಆ ಜಾಗಕ್ಕೆ ಬೇರೆಯವರು. ಕಾಂಟ್ರಾಕ್ಟ್ ಕೆಲಸ, ಹೆರಿಗೆ ರಜೆ ಎಂದು ಬಾಯಿಬಿಡುವಂತಿರಲಿಲ್ಲ. ಸುನಂದ ಹೋದಳು. ಮಧ್ಯಾಹ್ನದ ಹೊತ್ತಿಗೆ ಎದೆ ಕಲ್ಲಾಗುತ್ತಿತ್ತು. ಟಾಯ್ಲೆಟ್ಟಿನ ಸಿಂಕಿಗೆ ಹಾಲು ಹಿಂಡಿ, ನಲ್ಲಿ ಬಿಟ್ಟು, ಕಣ್ಣೊರೆಸಿಕೊಂಡು ಲೈನಿಗೆ ಓಡುತ್ತಿದ್ದಳು. ರಾತ್ರಿ ಮತ್ತು ಭಾನುವಾರ ಎದೆಹಾಲು, ಹಗಲು ಡಬ್ಬದ ಪುಡಿ. ಪುಡಿ ಕಲಸುವವಳು ಅತ್ತೆ. ಮೂರೇ ತಿಂಗಳಲ್ಲಿ ಎದೆಹಾಲೂ ಇಂಗಿತು.

ಅಂಗನವಾಡಿಯ ಕಾರ್ಡಿನಲ್ಲಿ ಮಗುವಿನ ತೂಕದ ಗೆರೆ ಹಸಿರಿನಿಂದ ಹಳದಿಗೆ ಜಾರಿತು, ಹಳದಿಯಿಂದ ಕೇಸರಿಗೆ. ತಾಯಿ ಹಾಲು ಬಿಡಿಸಿದ್ದಕ್ಕೇ ಹೀಗೆ ಎಂದು ಕ್ಯಾಲನೂರಿನ ಅರ್ಧ ಊರು ತೀರ್ಪು ಕೊಟ್ಟಾಯಿತು.

ಒಂದು ದಿನ ಕರೆಂಟು ಕೈಕೊಟ್ಟು ಕಂಪನಿ ಬೇಗ ಬಿಟ್ಟಿತು. ಸುನಂದ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ತುಂಬಿದ ಬಾಟಲಿಗೆ ಆರು ಚಮಚ ಪುಡಿ ಎಂದು ಡಬ್ಬದ ಮೇಲೆ ಬರೆದಿತ್ತು. ಓದು ಬಾರದ ಅತ್ತೆ ಎರಡು ಹಾಕಿ ಕುಲುಕಿದಳು.

"ಇದೇನತ್ತೆ?"

"ಗಟ್ಟಿ ಹಾಲು ಎಳೆ ಕೂಸಿಗೆ ಅರಗಲ್ಲ ಕಣೇ. ನಿನ್ ಗಂಡನಿಗೂ ಹಸು ಹಾಲಿಗೆ ನೀರು ಬೆರೆಸೇ ಕೊಟ್ಟಿದ್ದು. ಅವನೇನು ಸತ್ತೋದ್ನಾ?"

ಸುನಂದ ಡಬ್ಬದ ಮೇಲಿದ್ದುದನ್ನು ಓದಿ ಹೇಳಿದಾಗ ಬಚ್ಚಮ್ಮನ ಮುಖದ ರಕ್ತ ಇಳಿಯಿತು. ಸೊಸೆಯ ಎರಡೂ ಕೈ ಹಿಡಿದುಕೊಂಡಳು. "ಚಂದ್ರೂಗೆ ಹೇಳ್ಬೇಡ ಕಣೇ ನಮ್ಮಮ್ಮ. ನಿನ್ ಕಾಲಿಗೆ ಬೀಳ್ತೀನಿ."

ಸುನಂದ ಗಂಡನಿಗೆ ಹೇಳಲಿಲ್ಲ. ಕೆಲಸ ಬಿಟ್ಟಳು. ಆರು ಚಮಚ ಹಾಕಿದಳು. ಮಗು ದಕ್ಕಿತು, ಆದರೆ ಓರಗೆಯವರ ಎತ್ತರಕ್ಕೆ ಬರಲೇ ಇಲ್ಲ. ಅತ್ತೆ ಒಂದು ದಿನವೂ ಊರಿನವರ ಮುಂದೆ ಬಾಯಿ ಬಿಡಲಿಲ್ಲ. ಸೊಸೆಯ ಮೇಲೆ ಬಂದ ಮಾತುಗಳನ್ನು ಪಕ್ಕದಲ್ಲೇ ಕೂತು, ಎಲೆ ಅಡಿಕೆ ಅಗಿಯುತ್ತಾ ಕೇಳಿಸಿಕೊಂಡಳು.

*

"ಮಗೂಗೆ ನೀರು ಕುಡ್ಸಿದ್ದು ಇವ್ರು," ಎಂದಳು ಸುನಂದ, ಕುರ್ಚಿಯತ್ತ ಕೈತೋರಿಸಿ. ಆರು ಚಮಚದ ಜಾಗದಲ್ಲಿ ಎರಡು ಹಾಕಿದ್ದನ್ನು, ಕೈ ಹಿಡಿದು ಬೇಡಿದ್ದನ್ನು ಎಲ್ಲ ಹೇಳಿದಳು.

ರಮಾದೇವಿ ಎದ್ದು ನಿಂತಳು. "ಹೆಣದ ಮುಂದೆ ನಿಂತ್ಕೊಂಡು ಹಿಂಗಂತೀಯಲ್ಲೇ! ಹುಳ ಬೀಳುತ್ತೆ ನಿನ್ ಬಾಯಿಗೆ!"

"ನಿಜ ಕಣೇ ರಮಾ," ಎಂದಳು ಪಕ್ಕದ ಮನೆಯ ಭಾರತಮ್ಮ. ಬಚ್ಚಮ್ಮನ ಜೊತೆ ನಲವತ್ತು ವರ್ಷ ಡೈರಿಗೆ ಹಾಲು ಹೊತ್ತವಳು. "ನಿಮ್ಮಮ್ಮನೇ ನನ್ ಹತ್ರ ಹೇಳ್ಕೊಂಡು ಅತ್ತಿದ್ಲು."

ಹೆಂಗಸರು ಸುನಂದಳ ಕಡೆ ತಿರುಗಿದರು. ಹತ್ತು ವರ್ಷದಲ್ಲಿ ಮೊದಲ ಸಲ ಅವರ ಕಣ್ಣಲ್ಲಿ ದೂರು ಇರಲಿಲ್ಲ. ಅವಳಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಭಾರತಮ್ಮ ಮಾತು ಮುಗಿಸಿರಲಿಲ್ಲ.

"ಇನ್ನೊಂದು ಮಾತೂ ಅಂತಿದ್ಲು ಬಚ್ಚಕ್ಕ. ನಂಗೆ ಓದಕ್ ಬರಲ್ಲ, ಸರಿ. ಡಬ್ಬ ತರ್ತಿದ್ದೋಳು ಓದ್ದೋಳು. ಒಂದು ಡಬ್ಬ ಇಷ್ಟು ದಿನ ಹೆಂಗ್ ಬರುತ್ತೆ ಅತ್ತೆ ಅಂತ ಒಂದ್ ದಿನಾನೂ ಕೇಳ್ಲಿಲ್ವಲ್ಲ ಅಂತ." ಭಾರತಮ್ಮನ ದನಿಯಲ್ಲಿ ಕೊಂಕಿರಲಿಲ್ಲ. "ಎಷ್ಟು ದಿನ ಬರ್ತಿತ್ತೇ ಒಂದು ಡಬ್ಬ?"

ಕಂಪನಿಯ ಕ್ಯಾಂಟೀನು ಸುನಂದಳ ಕಣ್ಣಿಗೆ ಕಟ್ಟಿತು. ಮಾಲೂರಿನ ಹುಡುಗಿಯೊಬ್ಬಳು, ನಮ್ಮನೇಲಿ ವಾರಕ್ಕೊಂದು ಡಬ್ಬ ಖಾಲಿ ಎಂದು ಗೊಣಗಿದ್ದಳು. ನಮ್ಮತ್ತೆ ಕೈ ಹಿಡಿತದೋರು, ನಮಗೆ ಮೂರು ವಾರ ಬರುತ್ತೆ ಎಂದು ಸುನಂದ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಅತ್ತೆಯ ತಪ್ಪನ್ನು ಹತ್ತು ವರ್ಷ ದಿನಾ ನೆನೆದವಳಿಗೆ ಆ ನಗು ಒಂದು ದಿನವೂ ನೆನಪಾಗಿರಲಿಲ್ಲ.

"ಮೂರು ವಾರ," ಎಂದಳು.

"ಹೊತ್ತಾಯ್ತು, ಬಾಯಿಗೆ ಹಾಲು ಬಿಡೋರು ಬನ್ನಿ," ಎಂದು ಮುನಿರಾಮಪ್ಪ ಕೂಗಿದ. "ಮೊದ್ಲು ಮೊಮ್ಮಗಳು ಬಿಡ್ಲಿ."

ಶ್ವೇತ ಲೋಟ ಹಿಡಿದು ಬಂದಳು. ಜಗಲಿಯ ಕೆಳಗಿನಿಂದ ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಅಜ್ಜಿಯ ಮಡಿಲವರೆಗೂ ಎಟುಕಲಿಲ್ಲ. ಎಪ್ಪತ್ತು ದಾಟಿದ ಮುನಿರಾಮಪ್ಪ ಬಗ್ಗಿ, ಅವಳನ್ನು ಒಂದೇ ಕೈಯಲ್ಲಿ ಎತ್ತಿ, ಹಸುಗೂಸಿನ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡ.