ಎರಡೇ ಎಣಿಕೆ

ಬಸ್ ನಿಲ್ದಾಣದ ಮೂಲೆಯಲ್ಲಿ ಹಾಕಿದ್ದ ತಪಾಸಣೆಯ ಡೇರೆಯ ಮುಂದೆ ಬೆಳಿಗ್ಗೆ ಏಳಕ್ಕೇ ಸಾಲು ಬೆಳೆಯುತ್ತಿತ್ತು. ರಜೆಗೆ ಊರಿಗೆ ಹೊರಟವರು. ಸೋಂಕಿಲ್ಲ ಎಂಬ ಕಾಗದವಿಲ್ಲದೆ ಯಾರನ್ನೂ ಬಸ್ಸು ಹತ್ತಿಸುತ್ತಿರಲಿಲ್ಲ. ಮೂಗಿಗೆ ಕಡ್ಡಿ ಹಾಕಿ ಮಾದರಿ ತೆಗೆಯುವವನಿಗೆ ಸಾಲಿನವರು ಇಟ್ಟ ಹೆಸರು ‘ಕಡ್ಡಿ ಸಾರ್’. ಹದಿನಾಲ್ಕು ತಿಂಗಳಿಂದ ಅವನು ಮಾಡುತ್ತಿದ್ದುದು ಅದೊಂದೇ ಕೆಲಸ.

ಕಡ್ಡಿಯನ್ನು ಆಳಕ್ಕೆ ಇಳಿಸಿ ಹತ್ತು ಎಣಿಸುವವರೆಗೆ ತಿರುಗಿಸಬೇಕು, ಹಾಗೆಂದು ಕಲಿಸಿದ್ದರು. ಆದರೆ ಡೇರೆಯೊಳಗೆ ಎಲ್ಲೂ ಬರೆದಿಡದ ಇನ್ನೊಂದು ಪದ್ಧತಿಯೂ ಬೆಳೆದಿತ್ತು. ಪರಿಚಯದವರು ಬಂದು ‘ಸ್ವಲ್ಪ ನೋಡ್ಕೊಳ್ಳಿ’ ಎಂದರೆ ಕಡ್ಡಿ ಮೂಗಿನ ಬಾಗಿಲಲ್ಲೇ ನಿಲ್ಲುತ್ತಿತ್ತು. ಎರಡೇ ಎಣಿಕೆ. ಅದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ, ದಾಕ್ಷಿಣ್ಯ ಎನ್ನುತ್ತಿದ್ದರು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎಂಬ ಗಾದೆ ಅವನಿಗೂ ಗೊತ್ತಿತ್ತು. ಗೊತ್ತಿದ್ದು ಏನು ಬಂತು!

ಮೊನ್ನೆ ಬಂದವಳು ಅವನ ಸ್ವಂತ ಅಕ್ಕ. ಜೊತೆಗೆ ನಾಲ್ಕು ವರ್ಷದ ಮಗಳು ಗುಬ್ಬಿ. ಚಿಕ್ಕ ಮಕ್ಕಳಿಗೆ ಪರೀಕ್ಷೆ ಬೇಕಿರಲಿಲ್ಲ, ಅಕ್ಕನಿಗೆ ಬೇಕಿತ್ತು.

“ಗಂಟಲು ಸ್ವಲ್ಪ ಕೆರೀತಿದೆ ಕಣೋ. ತಣ್ಣೀರು ಕುಡಿದಿದ್ದೆ, ಅಷ್ಟೆ. ಅದಕ್ಕೇ ಏನಾದ್ರೂ ಬಂದುಬಿಟ್ರೆ ಅಮ್ಮನಿಗೆ ಏನು ಹೇಳ್ಲಿ? ಮಗೂನ ನೋಡಿ ಒಂದೂವರೆ ವರ್ಷ ಆಯ್ತು ಅವಳು.”

“ಅಮ್ಮನ ಎದೆ ಹೇಗಿದೆ ಅಂತ ಗೊತ್ತಲ್ಲ ನಿಂಗೆ?”

ಅಮ್ಮ ಹತ್ತಿ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಅವಳ ಶ್ವಾಸಕೋಶದಲ್ಲಿ ಅರ್ಧ ಮಾತ್ರ ಉಳಿದಿದೆ, ಈ ರೋಗ ತಗುಲಿದರೆ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು.

“ಗೊತ್ತು,” ಎಂದಳು ಅಕ್ಕ. “ಮಗೂನ ನೋಡದೆ ಕೊರಗಿ ಸಾಯೋದೂ ಸಾವೇ ಅಲ್ವೇನೋ?”

ಅವನು ಕಡ್ಡಿಯನ್ನು ಮೂಗಿನ ಬಾಗಿಲಲ್ಲೇ ನಿಲ್ಲಿಸಿದ. ಎರಡೇ ಎಣಿಸಿದ. ಮರುದಿನ ಸೋಂಕಿಲ್ಲ ಎಂಬ ಕಾಗದ ಬಂತು. ಅದರ ಕೆಳಗೆ ಮಾದರಿ ತೆಗೆದವನ ಸಹಿ, ಅಂದರೆ ಅವನದೇ.

ಈ ದಿನ ಆರು ಗಂಟೆಯ ಬಸ್ಸಿಗೆ ಅಕ್ಕ, ಗುಬ್ಬಿ ಹೊರಟುಹೋಗಿದ್ದರು. ಹತ್ತೂವರೆಗೆ ನೋಡಿದರೆ ಸಾಲಿನಲ್ಲಿ ಭಾವ ನಿಂತಿದ್ದರು. ರಜೆ ಸಿಗದೆ ಉಳಿದಿದ್ದವರು. ಮೈ ಕಾಯುತ್ತಿದೆಯೆಂದು ಕಾರ್ಖಾನೆಯ ಗೇಟಿನಿಂದಲೇ ವಾಪಸ್ ಕಳಿಸಿದ್ದರಂತೆ. ಅವನು ಹತ್ತೂ ಎಣಿಸಿ ಮಾದರಿ ತೆಗೆದ. ಜ್ವರ ಇದ್ದವರಿಗೆ ಅಲ್ಲೇ ಮಾಡುವ ತ್ವರಿತ ಪರೀಕ್ಷೆ; ಕಾಲು ಗಂಟೆಯಲ್ಲಿ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು, ಅಂದರೆ ಸೋಂಕಿತ್ತು.

“ಮೊನ್ನೆ ಹಾಲು ತಳ ಹಿಡಿದು ಸೀದು, ವಾಸನೆ ಬೀದಿಗೆ ಬರ್ತಿತ್ತು,” ಎಂದರು ಭಾವ. “ನಿಮ್ಮಕ್ಕ ಒಲೆ ಹತ್ರಾನೇ ಇದ್ದಳು, ಗೊತ್ತೇ ಆಗ್ಲಿಲ್ಲ ಅಂದಳು. ನಿನ್ನ ಕಾಗದ ಬಂತಲ್ಲ, ನಾನೂ ಸುಮ್ಮನಾದೆ.”

ಅವನು ಕೂಡಲೇ ಅಕ್ಕನಿಗೆ ಫೋನು ಮಾಡಿದ. ಸ್ವಿಚ್ ಆಫ್ ಆಗಿತ್ತು. ಗುಬ್ಬಿ ಕಾರ್ಟೂನ್ ನೋಡಿ ನೋಡಿ ಚಾರ್ಜು ಮುಗಿಸಿರಬೇಕು. ಬಸ್ ಕಚೇರಿಗೆ ಮಾಡಿದ. ಗುಮಾಸ್ತ ಕಾಗದಗಳನ್ನು ತಿರುವಿ ಹಾಕಿ, “ಅವರಿಗೆ ಸೋಂಕಿಲ್ಲ ಅಂತಿದೆಯಲ್ಲ ಸಾರ್, ಸಹಿನೂ ಇದೆ,” ಎಂದ. ಆ ಸಹಿ ನನ್ನದೇ, ಅದು ತಪ್ಪು ಎಂದು ಇವನು ಗೋಗರೆದರೂ ಗುಮಾಸ್ತನಿಗೆ ಮಾಡುವಂಥದ್ದೇನೂ ಇರಲಿಲ್ಲ. ಓಡಿಸುವಾಗ ಡ್ರೈವರು ಫೋನು ಎತ್ತುವುದಿಲ್ಲ, ಬಸ್ಸು ನಿಂತ ಮೇಲೆ ತಿಳಿಸುತ್ತೇನೆ ಎಂದ. ಆ ಬಸ್ಸಿನಲ್ಲಿ ನಲವತ್ತು ಜನ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಇನ್ನು ಯಾರಿಗೆ ದೂರುವುದು? ನಡೆದದ್ದನ್ನೆಲ್ಲ ಬರೆದು ಮೇಲಧಿಕಾರಿಗೆ ಕೊಟ್ಟ. ಅವರು ಓದಿ, ಇವನ ಮುಖ ನೋಡಿ, ಸಂಜೆ ಮಾತಾಡೋಣ ಎಂದರು.

ರೋಗವನ್ನು ತಡೆಯಲು ಉಳಿದದ್ದು ಅಮ್ಮನ ಮನೆಯ ಬಾಗಿಲು ಮಾತ್ರ. ಫೋನು ಮಾಡಿದ. ಅಮ್ಮ ಖುಷಿಯಲ್ಲಿದ್ದಳು. ಗುಬ್ಬಿಗೆ ಫ್ರಾಕು ಹೊಲಿದಿದ್ದಳಂತೆ, ಅಳತೆಯಿಲ್ಲದೆ ಬರೀ ಅಂದಾಜಿನ ಮೇಲೆ. ಬಾಗಿಲು ತೆಗೆಯಬೇಡ ಎಂದರೆ ನಕ್ಕೇ ಬಿಟ್ಟಳು.

“ನೀನೇ ನೋಡಿ ಸಹಿ ಹಾಕಿದ್ದೀಯಂತಲ್ಲ. ನನ್ನ ಮಗನ ಸಹಿ ಇರೋವಾಗ ಇನ್ನೇನು ಭಯ ಅಂತ ಅಕ್ಕಪಕ್ಕದವರಿಗೆಲ್ಲ ಹೇಳ್ಕೊಂಡು ಬಂದೆ ಕಣೋ.”

ಯಂತ್ರ ಕೆಟ್ಟಿತ್ತು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

“ಅಮ್ಮ, ನಾನು ಸರಿಯಾಗಿ ಪರೀಕ್ಷೆ ಮಾಡ್ಲಿಲ್ಲ. ಅಕ್ಕ ಅಂತ ಕಾಟಾಚಾರಕ್ಕೆ ಮಾಡ್ದೆ. ಆ ಸಹಿ ನಂಬಬೇಡ.”

 ಎಷ್ಟು ದಿನ ದೂರ ಇರಬೇಕು ಎಂದು ಅಮ್ಮ ಗೊರಗೊರ ಉಸಿರಿನ ನಡುವೆ ಕೇಳಿದಳು.

“ಹದಿನಾಲ್ಕು.”

“ರಜೆ ಇರೋದೇ ಹತ್ತು ದಿನ ಕಣಪ್ಪ,” ಎಂದು ಫೋನು ಇಟ್ಟಳು.

ಮೂರೂವರೆಗೆ ಅಮ್ಮನ ಫೋನು ಬಂತು.  ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಳೆಂದು ತೋರುತ್ತದೆ, ಎಲ್ಲವೂ ಕೇಳಿಸುತ್ತಿತ್ತು. ಬಾಗಿಲ ಮೇಲೆ ಪುಟ್ಟ ಕೈಯ ಬಡಿತ. ಅಜ್ಜಿ, ನಾನು ಬಂದೆ, ಬಾಗಿಲು ತೆಗಿ ಎಂಬ ಕೂಗು. ಅಕ್ಕನ ಅಳು. ಪಕ್ಕದ ಖಾಲಿ ಮನೆಯನ್ನು ಗುಡಿಸಿ ಹಾಸಿಗೆ ಹಾಕಿಸಿದ್ದೇನೆ, ಅಲ್ಲಿರಿ, ಊಟ ಹೊಸಿಲ ಬಳಿ ಇಡುತ್ತೇನೆ ಎಂದು ಅಮ್ಮ ಒಳಗಿನಿಂದಲೇ ಹೇಳುತ್ತಿದ್ದಳು. ಬಳಿಕ, ಗುಬ್ಬಿ, ಫ್ರಾಕು ತಗೋ ಎನ್ನುತ್ತ ಅದನ್ನು ಕಿಟಕಿಯ ಸರಳಿನ ಸಂದಿಯಿಂದ ಹೊರಗೆ ಹಾಕಿದಳು.

“ಅಜ್ಜೀ, ಇದ್ರಲ್ಲಿ ಕೈ ಹೋಗ್ತಾನೇ ಇಲ್ಲ.”

“ಅಯ್ಯೋ, ಇಷ್ಟು ಬೆಳೆದುಬಿಟ್ಯೇನೇ ನನ್ನ ಕಂದ,” ಎಂದಳು ಅಮ್ಮ. 

ಇಲ್ಲಿ, ಡೇರೆಯ ಹಿಂದೆ ನಿಂತಿದ್ದವನಿಗೆ ಕೈಗವಸಿನ ಕೈಯಲ್ಲಿ ಕಣ್ಣು ಒರೆಸಿಕೊಳ್ಳುವಂತೆಯೂ ಇರಲಿಲ್ಲ. ಆಮೇಲೆ ಅಮ್ಮ ಫೋನು ಎತ್ತಿಕೊಂಡಳು.

“ನಿನ್ನ ಹತ್ರ ಇನ್ನೂ ಜನ ಇದ್ದಾರಾ?”

“ಇದ್ದಾರಮ್ಮ. ದೊಡ್ಡ ಸಾಲಿದೆ.”

“ಅವರ ಮನೇಲೂ ಯಾರೋ ಕಾಯ್ತಿರ್ತಾರೆ. ಹೋಗು, ಸರಿಯಾಗಿ ನೋಡು.”

ಅವನು ಹೊಸ ಕೈಗವಸು ಹಾಕಿಕೊಂಡು ಬಂದು ನಿಂತ. ಕುರ್ಚಿಯಲ್ಲಿ ಕೂತಿದ್ದವರು ಮೂಲೆಯ ಔಷಧಿ ಅಂಗಡಿಯವರು, ದಿನವೂ ನೋಡುವ ಮುಖ. ನಾವೆಲ್ಲ ಒಂದೇ ಅಲ್ವಾ ಸಾರ್, ಮೆಲ್ಲಗೆ ಎಂದು ಕಣ್ಣು ಮಿಟುಕಿಸಿದರು. ಅವನು ಕಡ್ಡಿಯನ್ನು ಆಳಕ್ಕೆ ಇಳಿಸಿ ಗಟ್ಟಿಯಾಗಿ ಎಣಿಸತೊಡಗಿದ. ಎರಡು ಎಂದ ಮೇಲೂ ಕಡ್ಡಿ ತೆಗೆಯಲಿಲ್ಲ. ಮೂರು ಎಂದ.