ಆನೆ ಕೂಗುವ ಮೊದಲು

ಕುಮಟೆಯ ವಿಘ್ನೇಶ್ವರ ಭಟ್ಟರ ಮನೆಯ ಹಿಂಬದಿಯ ಎರಡು ಕೋಣೆಗಳಿಗೆ ಮಂಗಲಾ ಬಾಡಿಗೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಗಂಡ ತೀರಿಕೊಂಡ ಮೇಲೆ ಒಂದು ಹೊಲಿಗೆ ಮಷಿನ್ನು, ಒಬ್ಬ ಮಗಳು, ಇಷ್ಟೇ ಸಂಸಾರ. ಅಂಚೆ ಕಚೇರಿಯಿಂದ ನಿವೃತ್ತರಾದ ಭಟ್ಟರು ಸಂಜೆ ಐದಕ್ಕೆ ಜಗಲಿಯಲ್ಲಿ ವ್ಯಾಸಪೀಠ ಇಟ್ಟು ಪುರಾಣದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಮಂಗಲಾ ಕಂಬಕ್ಕೆ ಬೆನ್ನು ಕೊಟ್ಟು ಕೂತು ಕೇಳುವಳು. ಆ ಓದಿಗೊಂದು ಕಟ್ಟಿತ್ತು: ಸಂಧಿ ಮುಗಿಯುವ ತನಕ ಯಾರೂ ಬಾಯಿ ಹಾಕಕೂಡದು. ನಡುವೆ ತುಂಡಾದರೆ ಮೊದಲ ಪದ್ಯದಿಂದ ಮತ್ತೆ ಓದಬೇಕು. ಹನ್ನೊಂದು ವರ್ಷದಲ್ಲಿ ಮಂಗಲಾ ಒಮ್ಮೆ ಕೆಮ್ಮಿದ್ದೂ ಇಲ್ಲ.

ವೈಶಾಖದಲ್ಲಿ ಒಂದು ತೆಂಗಿನಕಾಯಿ ಅವಳ ಅಡಿಗೆಮನೆಯ ಸಿಮೆಂಟ್ ಶೀಟಿನ ಮೇಲೆ ಬಿತ್ತು. ಶೀಟು ಉದ್ದಕ್ಕೆ ಸೀಳಿತು. ಉದುರಿದ ಚೂರನ್ನೆಲ್ಲ ಅವಳು ಪೊರಕೆಯಿಂದ ಗುಡಿಸಿ, ದೊಡ್ಡದೊಂದು ತುಂಡನ್ನು ನೀರಿನ ಕೊಡದ ಅಡಿಗೆ ಇಟ್ಟುಕೊಂಡಳು. ಹೊನ್ನಾವರದಲ್ಲಿ ನರ್ಸಿಂಗ್ ಓದುವ ಪ್ರಿಯಾಳಿಗೆ ಫೋನಿನಲ್ಲಿ ಅದನ್ನು ಹೇಳಿದಾಗ ಅವಳು ಮೊದಲು ಕೇಳಿದ್ದು ಶೀಟು ಎಷ್ಟು ಹಳೆಯದು ಎಂದು. ಹಳೇ ಶೀಟಿನಲ್ಲಿ ಅಸ್ಬೆಸ್ಟಾಸ್ ಇರಬಹುದು, ಇಡಿಯಾಗಿ ಸುಮ್ಮನೆ ಇದ್ದರೆ ಅಷ್ಟು ಭಯವಿಲ್ಲ, ಆದರೆ ಒಡೆದು ಕೊಯ್ದು ಪುಡಿ ಎದ್ದರೆ ಅದು ಕಣ್ಣಿಗೆ ಕಾಣದ ಎಳೆಯಾಗಿ ಪುಪ್ಪುಸಕ್ಕೆ ಇಳಿಯುತ್ತದೆ, ಇಳಿದದ್ದು ಹೊರಗೆ ಬರುವುದಿಲ್ಲ ಎಂದು ಮಗಳು ಬಿಡಿಸಿ ಹೇಳಿದಳು. ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲವಂತೆ. ಅಲ್ಲಿಯ ತನಕ ಇದೆ ಎಂದೇ ತಿಳಿದು ನಡೆಯಬೇಕಂತೆ.

"ಗುಡ್ಸೂಕೆ ಹೋಗ್ಬೇಡ. ಒದ್ದೆ ಬಟ್ಟೇಲಿ ಒರ್ಸು. ಭಟ್ರಿಗೆ ಹೇಳು ಅಮ್ಮಾ," ಎಂದಳು ಪ್ರಿಯಾ.

ಒರೆಸಿದ್ದಾಯಿತು. ಹೇಳುವುದೊಂದು ಉಳಿಯಿತು. ಗಂಡ ಸತ್ತ ತಿಂಗಳಲ್ಲಿ ಯಾರೂ ಮನೆ ಕೊಡದೆ ಇದ್ದಾಗ ಕರೆದು ಕೊಟ್ಟವರು ಅವರು. ನಿಮ್ಮ ಮಾಡಿನ ಶೀಟಿನಲ್ಲಿ ವಿಷವಿದೆ ಎಂದು ಅವರಿಗೆ ಯಾವ ನಾಲಿಗೆಯಿಂದ ಹೇಳುವುದು? ಬೇಜಾರಾಗಿ, ಸರಿಯಾದ ಮನೆ ನೋಡಿಕೋ ಎಂದುಬಿಟ್ಟರೆ ಮನೆಯೂ ಹೋಯಿತು, ಸಂಜೆಯ ಐದು ಗಂಟೆಯೂ ಹೋಯಿತು. ಓದು ಮುಗಿಯಲಿ ಎಂದು ದಿನಾ ಕಾಯುವಳು. ಮುಗಿದ ಮೇಲೆ ಪುಸ್ತಕಕ್ಕೆ ಕೈಮುಗಿದು, ಹಾಗೆಯೇ ಎದ್ದು ಹೋಗುವಳು.

ಅಷ್ಟರಲ್ಲಿ ಭಟ್ಟರೇ, ಮಳೆ ಬಂದರೆ ಇವಳ ಒಲೆ ನೆನೆಯುತ್ತದೆಂದು, ಮಾಡು ರಿಪೇರಿಯ ತಿಮ್ಮನಿಗೆ ಹೇಳಿಬಿಟ್ಟಿದ್ದರು. ಭಾನುವಾರ ಬರುತ್ತೇನೆಂದಿದ್ದವನಿಗೆ ಅಂದು ತದಡಿಯಲ್ಲಿ ಬೇರೆ ಕೆಲಸ ಬಿತ್ತು. ಶನಿವಾರ ಸಂಜೆಯೇ ಏಣಿ ಹೊತ್ತು ಬಂದ.

ಜಗಲಿಯಲ್ಲಿ ಓದು ನಡೆದಿತ್ತು. ಸರೋವರಕ್ಕಿಳಿದ ಆನೆಯ ಕಾಲನ್ನು ಮೊಸಳೆ ಹಿಡಿದಿತ್ತು. ಆನೆ ತನ್ನ ಬಲವನ್ನೇ ನಂಬಿ ಎಳೆದೆಳೆದು ಸೋಲುತ್ತಿತ್ತು, ದೇವರನ್ನು ಇನ್ನೂ ಕೂಗಿರಲಿಲ್ಲ. ತಿಮ್ಮ ದೂರದಿಂದಲೇ ಕೈಮುಗಿದು ಹಿಂದೆ ಹೋದ. ವಯರು ಎಳೆಯುವ ಸದ್ದು, ಏಣಿ ಗೋಡೆಗೆ ತಾಗುವ ಸದ್ದು. ಮಂಗಲಾ ಪದ್ಯಗಳನ್ನು ಎಣಿಸಿದಳು. ಸಂಧಿ ಮುಗಿಯಲು ಇನ್ನೂ ಇಪ್ಪತ್ತೆರಡಿತ್ತು. ಕೊಯ್ಯುವ ಮಷಿನ್ನು ಗುರ್ರೆಂದು ಒಮ್ಮೆ ತಿರುಗಿ ನಿಂತಿತು. ಶೀಟಿಗೆ ಇನ್ನೂ ತಾಗಿರಲಿಲ್ಲ.

"ಭಟ್ರೆ, ನಿಲ್ಸಿ."

ಭಟ್ಟರ ರಾಗ ಅರ್ಧದಲ್ಲಿ ನಿಂತಿತು. ಕನ್ನಡಕದ ಮೇಲಿನಿಂದ ನೋಡಿದರು. ಆ ನೋಟ ಕಾಣದವಳಂತೆ ಮಂಗಲಾ ಹಿತ್ತಲಿಗೆ ಓಡಿದಳು.

"ತಿಮ್ಮಣ್ಣ, ಕೊಯ್ಬೇಡ. ಇಳಿ."

ತಿಮ್ಮ ಏಣಿಯ ಮೇಲೆಯೇ ನಕ್ಕ. ಭಟ್ಟರೂ ಹಿಂದೆಯೇ ಬಂದು ನಿಂತರು. ಅವಳು ತಲೆ ತಗ್ಗಿಸಿಕೊಂಡು ಮಗಳು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು, ಕೊಡದ ಅಡಿಯ ತುಂಡಿನ ಸಂಗತಿಯನ್ನೂ ಬಿಡದೆ.

"ಇಪ್ಪತ್ತ್ ವರ್ಷದಿಂದ ಶೀಟ್ ಕೊಯ್ತೆ ಇದ್ದೆ. ನಂಗೆಂತ ಆತು?" ಎಂದ ತಿಮ್ಮ.

"ಆಗೂದು ಇಪ್ಪತ್ತ್ ವರ್ಷ ಕಳ್ದ್ ಮೇಲೇ ಅಂತೆ."

ತಿಮ್ಮನ ನಗು ಇಳಿಯಿತು. ಮೂಗಿಗೆ ಕಟ್ಟಿದ್ದ ಟವೆಲ್ಲನ್ನು ಬಿಚ್ಚಿ, ಅದೇ ಏನೋ ಹೇಳೀತು ಎಂಬಂತೆ ಒಮ್ಮೆ ನೋಡಿ ಕೆಳಗಿಳಿದ.

ಭಟ್ಟರು ಏಣಿಯ ಬುಡಕ್ಕೆ ಹೋಗಿ ಸೀಳಿದ ಶೀಟನ್ನು ಕತ್ತೆತ್ತಿ ನೋಡಿದರು. ಮಂಗಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಎಷ್ಟು ದಿನದಿಂದ ಗೊತ್ತಿತ್ತು ನಿಂಗೆ?"

"ಹದಿನೈದು ದಿನ ಆತು. ನಿಮ್ಮ ಮನೆಗೆ ಕೊಂಕು ತೆಗ್ದ ಹಾಗೆ ಆಗ್ತದೆ ಅಂತ..."

"ಮಾಡು ನಂದು. ಅದರ ಅಡಿಗೆ ಉಸಿರಾಡೂದು ನೀನಲ್ಲವೇ?" ಎಂದರು. ಆಮೇಲೆ ಮೆಲ್ಲಗೆ, "ಆನೆ ಕೂಗುವ ಮೊದಲೇ ನೀನು ಕೂಗಿದೆಯಲ್ಲ, ಒಳ್ಳೇದಾತು."

ತಿಮ್ಮನ ತದಡಿಯ ಕೆಲಸ ಒಂದು ದಿನ ಮುಂದೆ ಹೋಯಿತು. ಪ್ರಿಯಾ ಫೋನಿನಲ್ಲಿ ಹೇಳಿದಂತೆ ಭಾನುವಾರ ಎಲ್ಲರೂ ಮೂಗಿಗೆ ಮಾಸ್ಕು ಹಾಕಿದರು. ಭಟ್ಟರು ಪೈಪು ಹಿಡಿದು ಶೀಟಿಗೆ ಸಣ್ಣಗೆ ನೀರು ಬಿಟ್ಟರು. ಮಾಡಿಗೆ ಅಭಿಷೇಕ ಮಾಡುವ ಭಟ್ಟರನ್ನು ಇವತ್ತೇ ಕಂಡದ್ದು ಎಂದು ತಿಮ್ಮ ಗೊಣಗುತ್ತಲೇ, ತುಕ್ಕು ಹಿಡಿದ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಶೀಟನ್ನು ಇಡಿಯಾಗಿ ಇಳಿಸಿದ. ಅದನ್ನು ಚೂರುಗಳ ಸಮೇತ ಪ್ಲಾಸ್ಟಿಕ್ ತಾಡಪತ್ರಿಯಲ್ಲಿ ಸುತ್ತಿ ಕಟ್ಟಿದರು. ಎಲ್ಲಿ ಹಾಕಬೇಕೆಂದು ಸೋಮವಾರ ಪುರಸಭೆಯಲ್ಲಿ ಕೇಳಿ ಬರುವುದು ಭಟ್ಟರ ಪಾಲಿಗೆ ಬಂತು. ಅದರ ಜಾಗಕ್ಕೆ ತಗಡು ಏರಿತು.

ಸಂಜೆ ಐದಕ್ಕೆ ವ್ಯಾಸಪೀಠ ಬಿಚ್ಚಿತು. ಕಟ್ಟು ಕಟ್ಟೇ. ಭಟ್ಟರು ಸರೋವರದ ವರ್ಣನೆಯಿಂದ ಮತ್ತೆ ಶುರುಮಾಡಿದರು. ಮಿಂದು ಬಂದ ತಿಮ್ಮ ಏಣಿ ಹೆಗಲಿಗಿಟ್ಟವನು ಹೋಗಲೋ ಬೇಡವೋ ಎಂದು ಅಂಗಳದಲ್ಲಿ ನಿಂತಿದ್ದ. ಆಮೇಲೆ ಏಣಿ ಇಳಿಸಿ, ಮೆಟ್ಟಿಲ ತುದಿಗೆ ಬಂದು ಮಂಗಲಾಳ ಕಡೆ ಬಾಗಿ, ಆ ಆನೆ ಕಡೆಗೆ ಬದುಕುತ್ತದೋ ಹೇಗೆ ಎಂದು ಪಿಸುಗುಟ್ಟಿದ.

ಮಂಗಲಾ ತುಟಿಗೆ ಬೆರಳಿಟ್ಟು, ಅವನಿಗೆ ಕೂರಲು ಸ್ವಲ್ಪ ಸರಿದಳು.